ಕನಸಿಗೆ ಹೆದರಿ ಎಚ್ಚರ ಕೂತವರಿಗೆ

ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬಾಯಾರು, ಪಡ್ರೆ ಕಡೆ ಸುರಂಗ ತೋಡಿ ಬದುಕಿದವರು ಇನ್ನೂ ಕೆಲವರು ಇದ್ದಾರೆ. ಹೊರಗಿನವರಿಗೆ ಸುರಂಗ ಅಂದರೆ ರೈಲಿನ ದಾರಿ ನೆನಪಾಗಬಹುದು. ನಮ್ಮದು ನೀರಿನ ಸುರಂಗ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗಿ ಒರತೆ ಹಿಡಿಯುವ ಕಿರಿದಾದ ದಾರಿ. ಒಬ್ಬ ಮನುಷ್ಯ ನುಗ್ಗುವಷ್ಟೇ ಜಾಗ. ಒಳಗೆ ಮೇಣದ ಬತ್ತಿ ಹಚ್ಚಿಟ್ಟು ಅಗೆಯುತ್ತಾರೆ. ಬತ್ತಿ ಮಂಕಾಯಿತು ಅಂದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಅಂತ ಲೆಕ್ಕ. ಕೂಡಲೇ ಹೊರಗೆ ಬರಬೇಕು.

ನಮ್ಮ ಪಕ್ಕದ ಒಬ್ಬ ಅಜ್ಜ ಪ್ರಾಯದಲ್ಲಿ ಈ ಕೆಲಸ ಮಾಡಿದವರು. ಒಮ್ಮೆ ಮಣ್ಣು ಕುಸಿದು ಸುಮಾರು ಹೊತ್ತು ಒಳಗೇ ಸಿಕ್ಕಿಬಿದ್ದಿದ್ದರು. ಜೊತೆಯವರು ಅಗೆದು ಹೊರಗೆ ತಂದರು. ಮರುವಾರವೇ ಮತ್ತೆ ಕೆಲಸಕ್ಕೆ ಹೋದರಂತೆ. ಎಷ್ಟೋ ವರ್ಷ ಅದರ ಸುದ್ದಿಯೇ ಇರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಎಪ್ಪತ್ತರ ಹತ್ತಿರ, ಆ ಮಣ್ಣು ಕನಸಿನಲ್ಲಿ ಬೀಳಲು ಶುರುವಾಯಿತು. ವಾರಕ್ಕೆ ಮೂರು ನಾಲ್ಕು ಸಲ. ಬತ್ತಿ ನಂದುತ್ತದೆ, ಮೇಲಿಂದ ಮಣ್ಣು ಬೀಳುತ್ತದೆ, ಕೂಗಲು ಹೋದರೆ ಸ್ವರ ಬರುವುದಿಲ್ಲ. ಬೆವರಿ ಎದ್ದು ಕೂರುತ್ತಾರೆ. ಕೊನೆಗೆ ಅಜ್ಜ ಮಲಗುವುದನ್ನೇ ಬಿಟ್ಟರು. ಜಗಲಿಯಲ್ಲಿ ಬೀಡಿ ಸೇದುತ್ತಾ ನಾಲ್ಕು ಗಂಟೆ ತನಕ ಕೂರುವುದು. “ನಿದ್ದೆ ಬರುದಿಲ್ಲ ಅಂತ ಅಲ್ಲ ಮಾಷ್ಟ್ರೇ, ನನಗೆ ನಿದ್ದೆಯೇ ಬೇಡ” ಅಂದರು.

ಅದೇ ಬೈಲಿನಲ್ಲಿ ಒಬ್ಬರು ಅಕ್ಕ ಇದ್ದಾರೆ. ಅವರಿಗೆ ನಿದ್ದೆ ಬೇಕು, ಅದು ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿದ್ದನ್ನು ನಮ್ಮವರು ಯಾರೂ ಮರೆಯುವ ಹಾಗಿಲ್ಲ. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ನಮಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಅಕ್ಕನ ಅಮ್ಮನಿಗೆ ಡಯಾಲಿಸಿಸ್ ಆಗುತ್ತಿದ್ದದ್ದೂ ಅಲ್ಲೇ. ಆ ದಿನಗಳಲ್ಲಿ ಅಕ್ಕ ಅಮ್ಮನ ಉಸಿರು ಕೇಳುತ್ತಾ ರಾತ್ರಿಯಿಡೀ ಎಚ್ಚರ ಕೂತರು. ಆಮೇಲೆ ಬೇರೆ ಕಡೆ ವ್ಯವಸ್ಥೆ ಆಯಿತು, ಅಮ್ಮ ಸುಧಾರಿಸಿದರು, ಗಡಿಯೂ ತೆರೆಯಿತು. ಅಕ್ಕನ ನಿದ್ದೆ ಮಾತ್ರ ತಿರುಗಿ ಬರಲಿಲ್ಲ.

ಈ ಎರಡನ್ನೂ ನಾವು ‘ನಿದ್ದೆ ಇಲ್ಲ’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಬುದ್ಧಿವಾದವೂ ಒಂದೇ. ಸುಮ್ನೆ ಮಲಗು, ದೇವರನ್ನು ನೆನೆ, ಚಿಂತೆ ಬಿಡು. ಅಪ್ಪ ತೀರಿಕೊಂಡ ವರ್ಷ ನನಗೂ ಏಳೆಂಟು ತಿಂಗಳು ನಿದ್ದೆ ಕೈಕೊಟ್ಟಿತ್ತು. ಆಗ ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುವ ಗಾದೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಗಾದೆ ಸುಳ್ಳಲ್ಲ. ಚಿಂತೆ ನಿದ್ದೆ ಕೆಡಿಸುತ್ತದೆ. ಆದರೆ ಚಿಂತೆ ಹೋದ ಮೇಲೂ ನಿದ್ದೆ ಯಾಕೆ ಬರುವುದಿಲ್ಲ? ಅದಕ್ಕೆ ಗಾದೆಯಲ್ಲಿ ಉತ್ತರ ಇಲ್ಲ. ನನಗೆ ಅದನ್ನು ಬಿಡಿಸಿ ಹೇಳಿದ್ದು ಮಂಗಳೂರಿನ ಒಬ್ಬ ಮನಃಶಾಸ್ತ್ರಜ್ಞೆ. ಅಜ್ಜ, ಅಕ್ಕ, ನಾನು, ಮೂವರೂ ಕೆಟ್ಟ ರಾತ್ರಿಯಿಂದ ತಪ್ಪಿಸಿಕೊಳ್ಳಲು ಏನೇನು ಮಾಡಿದೆವೋ, ಅದೇ ನಮ್ಮ ಕಷ್ಟವನ್ನು ಸಾಕುತ್ತಾ ಬಂದಿತ್ತು. ಇದು ಅರ್ಥವಾದ ದಿನ ನನಗೆ ಅರ್ಧ ಭಾರ ಇಳಿದ ಹಾಗಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಣ್ಣದ ವೇಷ ಬರುವ ಹೊತ್ತು

ಇಡೀ ರಾತ್ರಿ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು, ಚೌಕಿಯಿಂದ ಬಣ್ಣದ ವೇಷ ಎದ್ದು ಬರುವುದು ನಡುರಾತ್ರಿ ಕಳೆದ ಮೇಲೆ. ಮುಸ್ಸಂಜೆಗೇ ರಾಕ್ಷಸ ಬರುವುದಿಲ್ಲ. ನಿದ್ದೆಗೂ ಹಾಗೆಯೇ ಒಂದು ಕ್ರಮ ಇದೆ.

ಮಲಗಿದ ಮೇಲೆ ನಿದ್ದೆ ಒಂದೇ ಸಮ ಇರುವುದಿಲ್ಲ. ಹಗುರ ನಿದ್ದೆ, ಆಮೇಲೆ ಗಾಢ ನಿದ್ದೆ, ಆಮೇಲೆ ಕನಸಿನ ನಿದ್ದೆ. ಈ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ರಾತ್ರಿಗೆ ಇಂಥ ನಾಲ್ಕೈದು ಸುತ್ತು. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆಯೇ ಜಾಸ್ತಿ. ಬೆಳಗಾಗುತ್ತಾ ಬಂದ ಹಾಗೆ ಕನಸಿನ ನಿದ್ದೆ ಉದ್ದವಾಗುತ್ತದೆ. ಆ ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣಗುಡ್ಡೆ ಅತ್ತಿತ್ತ ಓಡುತ್ತಿರುತ್ತದೆ. ಇದನ್ನು ಗುರುತಿಸಿ 1953ರಲ್ಲಿ ಪ್ರಕಟಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್. ಆ ಕಣ್ಣಿನ ಓಟದಿಂದಲೇ ಅದಕ್ಕೆ ‘ರೆಮ್ ನಿದ್ದೆ’ ಅಂತ ಹೆಸರು.

ದುಃಸ್ವಪ್ನ ಬೀಳುವುದು ಹೆಚ್ಚಾಗಿ ಈ ರೆಮ್ ನಿದ್ದೆಯಲ್ಲಿ. ಹಾಗಾಗಿಯೇ ಅದು ರಾತ್ರಿಯ ಎರಡನೇ ಅರ್ಧದಲ್ಲಿ, ಬೆಳಗಿನ ಜಾವಕ್ಕೆ ಬರುವುದು ಜಾಸ್ತಿ. ಎದ್ದ ಕೂಡಲೇ ಪೂರ್ತಿ ಎಚ್ಚರ ಇರುತ್ತದೆ, ಕನಸೂ ನೆನಪಿರುತ್ತದೆ. ಮಕ್ಕಳು ಮಲಗಿ ಒಂದೆರಡು ಗಂಟೆಯೊಳಗೆ ಕಿರುಚಿ ಎದ್ದು ಕೂತು, ನಮ್ಮನ್ನು ನೋಡಿಯೂ ಗುರುತು ಹಿಡಿಯದೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ ಅನ್ನುತ್ತಾರಲ್ವಾ? ಅದು ಬೇರೆ. ಅದು ಗಾಢ ನಿದ್ದೆಯಿಂದ ಅರ್ಧ ಮಾತ್ರ ಎದ್ದಾಗ ಆಗುವುದು. ಅಂಥ ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು. ಬಿದ್ದು ಪೆಟ್ಟಾಗದ ಹಾಗೆ ಹತ್ತಿರ ಕೂತರೆ ಸಾಕು. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಬಿಡುತ್ತದೆ.

ಕನಸಿನ ನಿದ್ದೆಯಲ್ಲಿ ಮೆದುಳು ಇನ್ನೊಂದು ಕೆಲಸ ಮಾಡುತ್ತದೆ. ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟು ಬೀಗ ಹಾಕುತ್ತದೆ. ಕನಸಿನಲ್ಲಿ ಓಡಿದರೂ ಹಾಸಿಗೆಯಿಂದ ಎದ್ದು ಓಡಬಾರದಲ್ಲ, ಅದಕ್ಕೆ. ಕೆಲವೊಮ್ಮೆ ಬೀಗ ತೆಗೆಯುವ ಮೊದಲೇ ಎಚ್ಚರವಾಗಿಬಿಡುತ್ತದೆ. ಕಣ್ಣು ಬಿಟ್ಟಿದೆ, ಕೋಣೆ ಕಾಣುತ್ತಿದೆ, ಬೆರಳು ಅಲುಗುವುದಿಲ್ಲ. ಕನಸಿನ ಚೂರುಗಳು ಕೋಣೆಯೊಳಗೇ ಉಳಿದಿರುತ್ತವೆ. ಯಾರೋ ಎದೆ ಮೇಲೆ ಕೂತ ಹಾಗೆ, ಬಾಗಿಲಲ್ಲಿ ನಿಂತ ಹಾಗೆ ಕಾಣುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಕುಲೆಯ, ಅಂದರೆ ಪ್ರೇತದ ಉಪದ್ರ ಅನ್ನುತ್ತಾರೆ. ಜಿನ್ನ್ ಅನ್ನುವವರೂ ಇದ್ದಾರೆ. ಭಯ ಪಟ್ಟವರಿಗೆ ಅದು ಸುಳ್ಳು ಅಂತ ಹೇಳಿ ಪ್ರಯೋಜನ ಇಲ್ಲ. ಅವರು ಕಂಡದ್ದು ಅವರಿಗೆ ಕಂಡದ್ದೇ. ಆದರೆ ಅದು ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷದಲ್ಲಿ ಬಿಡುತ್ತದೆ. ಜೀವಕ್ಕೆ ಅಪಾಯ ಇಲ್ಲ. ಉಸಿರಿನ ಕಡೆ ಗಮನ ಇಟ್ಟು ಒಂದು ಕಾಲ್ಬೆರಳನ್ನು ಅಲುಗಿಸಲು ನೋಡುವುದು ಎಷ್ಟೋ ಜನರಿಗೆ ನೆರವಾಗುತ್ತದೆ. ನಿದ್ದೆ ಕೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ.

ಟಾಂಕಿ ತುಂಬಬೇಕು, ಹೊತ್ತೂ ಆಗಬೇಕು

ನಿದ್ದೆ ಬರಲು ಎರಡು ಸಂಗತಿ ಕೂಡಬೇಕು. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ ಅನ್ನುವ ವಿಜ್ಞಾನಿ 1982ರಲ್ಲಿ ಮುಂದಿಟ್ಟ ಲೆಕ್ಕ ಇದು. ಇಂದಿಗೂ ಬಳಕೆಯಲ್ಲಿದೆ.

ಮೊದಲನೆಯದ್ದು ನಿದ್ದೆಯ ಒತ್ತಡ. ಸುರಂಗದ ನೀರು ಸಣ್ಣಗೆ ಹರಿದು ಟಾಂಕಿಗೆ ಬೀಳುವುದನ್ನು ನೆನಪಿಸಿಕೊಳ್ಳಿ. ದಿನವಿಡೀ ತುಂಬಿದರೆ ಸಂಜೆಗೆ ತೋಟಕ್ಕೆ ಬಿಡುವಷ್ಟಾಗುತ್ತದೆ. ನಾವು ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಹಾಗೆಯೇ ತುಂಬುತ್ತಾ ಬರುತ್ತದೆ. ತುಂಬಿದಷ್ಟೂ ನಿದ್ದೆ ಎಳೆಯುತ್ತದೆ. ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮಲಗಿದರೆ ಟಾಂಕಿಯ ತೂಬು ಆಗಲೇ ತೆಗೆದ ಹಾಗೆ. ರಾತ್ರಿಗೆ ನೀರು ಸಾಲುವುದಿಲ್ಲ.

ಕಾಫಿ, ಚಹಾದಲ್ಲಿರುವ ಕೆಫೀನ್ ಈ ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಕುಡಿದು ಐದಾರು ಗಂಟೆ ಆದರೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಸಂಜೆ ಐದಕ್ಕೆ ಕುಡಿದ ಚಹಾ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ನಮ್ಮ ಊರಿಗೆ ಇನ್ನೊಂದು ಮಾತು ಸೇರಿಸಬೇಕು. ಊಟದ ಮೇಲೆ ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವುದು. ಹೊಗೆಸೊಪ್ಪಿನ ನಿಕೋಟಿನ್ ಎಬ್ಬಿಸುವ ವಸ್ತು, ಅಡಿಕೆಯೂ ಹಾಗೆಯೇ. ಅಜ್ಜನ ಬೀಡಿಯೂ ಅದೇ. ನಿದ್ದೆ ಇಲ್ಲ ಅಂತ ಸೇದುವುದು, ಸೇದಿದ್ದಕ್ಕೆ ನಿದ್ದೆ ಇಲ್ಲ.

ಎರಡನೆಯದ್ದು ಮೈಯ ಒಳಗಿನ ಗಡಿಯಾರ. ಅದು ಬೆಳಕನ್ನು ನೋಡಿ ಹೊತ್ತು ತಿಳಿಯುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ಅಂಗಳದ ಬೆಳಕಿಗೆ ಬಂದರೆ ಅದು ಸರಿಯಾಗಿ ಓಡುತ್ತದೆ. ಗಲ್ಫಿಗೆ ದುಡಿಯಲು ಹೋದವರ ಮನೆಗಳಲ್ಲಿ ಇದು ಎಡವುವುದನ್ನು ಕಂಡಿದ್ದೇನೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹನ್ನೊಂದೂವರೆ. ಆ ಫೋನ್ ಬೇಡ ಅನ್ನುವ ಮನಸ್ಸು ಯಾರಿಗೂ ಬರದು, ನಾನೂ ಹೇಳುವುದಿಲ್ಲ. ಮಾತು ಚಾವಡಿಯಲ್ಲಿ ಕೂತು ಆಗಲಿ, ಹಾಸಿಗೆಯಲ್ಲಿ ಬೇಡ. ಯಾಕೆ ಅನ್ನುವುದು ಈಗ ಬರುತ್ತದೆ.

ಹಾಸಿಗೆ ಕಲಿತ ಪಾಠ

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿ, ಹಗಲಿನ ಕೆಲಸಕ್ಕೂ ತೊಂದರೆ ಆಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಅನ್ನುವ ಮನಃಶಾಸ್ತ್ರಜ್ಞ ಇದರ ಹುಟ್ಟನ್ನು ಮೂರು ಮಾತಿನಲ್ಲಿ ಹೇಳಿದರು. ಹುಟ್ಟಿನಿಂದ ಬಂದ ಸ್ವಭಾವ ಒಂದು. ಶುರುಮಾಡಿದ ಘಟನೆ ಇನ್ನೊಂದು. ಮೂರನೆಯದ್ದು, ಅದನ್ನು ಉಳಿಸಿಕೊಂಡು ಹೋಗುವ ಅಭ್ಯಾಸ. ಅಕ್ಕನಿಗೆ ಗಡಿ ಮುಚ್ಚಿದ್ದು ಎರಡನೆಯದ್ದು. ಅದು ಎಂದೋ ಮುಗಿದಿತ್ತು. ಉಳಿದದ್ದು ಮೂರನೆಯದ್ದು.

ಅಕ್ಕ ಏನು ಮಾಡುತ್ತಿದ್ದರು? ನಿದ್ದೆ ಕಡಿಮೆಯಾಯಿತಲ್ಲ ಅಂತ ರಾತ್ರಿ ಒಂಬತ್ತಕ್ಕೇ ಮಲಗುತ್ತಿದ್ದರು. ಬೆಳಿಗ್ಗೆ ಆರೂವರೆ ತನಕ ಏಳುತ್ತಿರಲಿಲ್ಲ, ಇನ್ನೇನು ಕಣ್ಣು ಹತ್ತಬಹುದು ಅನ್ನುವ ಆಸೆ. ನಡುವೆ ಹತ್ತು ಸಲ ಮೊಬೈಲ್ ಎತ್ತಿ ಗಂಟೆ ನೋಡುವುದು. ಇನ್ನು ಮೂರೇ ಗಂಟೆ ಉಳಿಯಿತು ಅಂತ ಲೆಕ್ಕ ಹಾಕುವುದು. ಮಧ್ಯಾಹ್ನ ಸುಸ್ತು, ಒಂದು ನಿದ್ದೆ. ಪ್ರತಿಯೊಂದೂ ನೋಡಲು ಸರಿಯೇ. ಆದರೆ ಹೀಗೆ ತಿಂಗಳುಗಟ್ಟಲೆ ಆದಾಗ ಮೆದುಳು ಒಂದು ಪಾಠ ಕಲಿಯುತ್ತದೆ. ಹಾಸಿಗೆ ಅಂದರೆ ಹೊರಳಾಡುವ ಜಾಗ, ಲೆಕ್ಕ ಹಾಕುವ ಜಾಗ. ಚಾವಡಿಯಲ್ಲಿ ಟಿವಿ ಎದುರು ತೂಕಡಿಸುವ ಮನುಷ್ಯ ಕೋಣೆಗೆ ಹೋಗಿ ತಲೆ ಇಟ್ಟ ಕೂಡಲೇ ಕಣ್ಣು ಬಿಡುವುದು ಇದಕ್ಕೇ.

ಕಲಿತದ್ದನ್ನು ಮರೆಸಲು ಬರುತ್ತದೆ. ಅದರ ಮದ್ದಿಗೆ ಸಿಬಿಟಿ-ಐ ಅಂತ ಹೆಸರು, ಅಂದರೆ ನಿದ್ದೆ ಕೆಡಿಸುವ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ. ಮಾತ್ರೆಯಲ್ಲ, ನಾಲ್ಕರಿಂದ ಎಂಟು ವಾರದ ಅಭ್ಯಾಸ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ದೊಡ್ಡವರ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಹೇಳಿತು. ಇದರಲ್ಲಿ ಎರಡು ಮುಖ್ಯ ಕೆಲಸ ಇವೆ. ಎರಡೂ ಕೇಳಲು ವಿಚಿತ್ರ ಅನ್ನಿಸುತ್ತವೆ.

ಒಂದು, ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಹೇಳಿದ್ದು. ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬೇಡಿ. ಸುಸ್ತು ಬೇರೆ, ನಿದ್ದೆ ಎಳೆಯುವುದು ಬೇರೆ. ಮಲಗಿ ಸುಮಾರು ಇಪ್ಪತ್ತು ನಿಮಿಷ ಆದ ಹಾಗೆ ಅನ್ನಿಸಿಯೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಹೋಗಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮಂದ ಬೆಳಕಿನಲ್ಲಿ ಏನಾದರೂ ಸಾದಾ ಕೆಲಸ ಮಾಡಿ. ಅಕ್ಕ ಹೂಬತ್ತಿ ಹೊಸೆಯುತ್ತಿದ್ದರು. ನಾನು ಹಳೆಯ ಪಂಚಾಂಗ ಓದುತ್ತಿದ್ದೆ. ಮತ್ತೆ ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ.

ಎರಡನೆಯದ್ದು ಕಷ್ಟದ್ದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡುವುದು. ಮೊದಲು ಒಂದು ಎರಡು ವಾರ ಪ್ರತಿ ಬೆಳಿಗ್ಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟು ನಿದ್ದೆ ಬಂತು, ಎಷ್ಟಕ್ಕೆ ಎದ್ದೆ. ಅಕ್ಕನ ಲೆಕ್ಕದಲ್ಲಿ ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಐದೂವರೆ. ಹಾಗಾದರೆ ಹಾಸಿಗೆಗೂ ಐದೂವರೆ ಗಂಟೆಯೇ ಕೊಡಿ ಅಂದರು ಮನಃಶಾಸ್ತ್ರಜ್ಞೆ. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆ. ಹಗಲು ನಿದ್ದೆ ಇಲ್ಲ. ಅಕ್ಕ ಗಾಬರಿಯಾದರು. ಇರುವ ನಿದ್ದೆಯನ್ನೂ ಕಿತ್ತುಕೊಳ್ಳುತ್ತಾರಲ್ಲ ಅಂತ. ಮೊದಲ ವಾರ ನಿಜವಾಗಿಯೂ ಹಿಂಸೆ. ಹನ್ನೊಂದಕ್ಕೆ ತೂಕಡಿಸುತ್ತಾ ಅಂಗಳದಲ್ಲಿ ನಡೆಯುತ್ತಿದ್ದರು. ಆದರೆ ಟಾಂಕಿ ತುಂಬುತ್ತಾ ಬಂತು. ಎರಡನೇ ವಾರದಲ್ಲಿ ತಲೆ ಇಟ್ಟ ಹತ್ತು ನಿಮಿಷಕ್ಕೆ ನಿದ್ದೆ, ನಡುವೆ ಎಚ್ಚರ ಕಡಿಮೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆಯೇ ಆದರೆ ಮಲಗುವ ಹೊತ್ತನ್ನು ಕಾಲು ಗಂಟೆ ಹಿಂದಕ್ಕೆ ತರಬಹುದು. ಹೀಗೆ ಕಾಲು ಗಂಟೆ, ಕಾಲು ಗಂಟೆ ಅಂತ ಸೇರಿಸುತ್ತಾ ಅಕ್ಕ ಈಗ ಹತ್ತೂವರೆಗೆ ಮಲಗುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೂರ್ಛೆ ರೋಗ ಇರುವವರು, ಬೈಪೋಲಾರ್ ಅಂದರೆ ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ನಿದ್ದೆ ಕಡಿಮೆಯಾದರೆ ಅವರ ಕಾಯಿಲೆ ಕೆರಳುತ್ತದೆ. ರಿಕ್ಷಾ, ಬಸ್ಸು ಬಿಡುವವರೂ ಹಾಗೆಯೇ. ಅಡಿಕೆ ಮರ ಹತ್ತುವವರು, ಅದಕ್ಕೆ ಮದ್ದು ಸಿಂಪಡಿಸುವವರು ಮಳೆಗಾಲ ಮುಗಿಯುವ ತನಕ ಇದನ್ನು ಶುರುಮಾಡುವುದೇ ಬೇಡ. ಮೊದಲ ವಾರದ ಆ ತೂಕಡಿಕೆ ಮರದ ತುದಿಯಲ್ಲಿ ಬಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿದ ಬುದ್ಧಿವಾದಗಳು ನೀವು ಕೇಳಿದವೇ. ಫೋನ್ ದೂರ ಇಡಿ, ಕೋಣೆ ಕತ್ತಲಿರಲಿ. ಅವು ಒಳ್ಳೆಯವೇ, ಆದರೆ ಅವುಗಳಿಂದ ಮಾತ್ರ ಹಳೆಯ ನಿದ್ರಾಹೀನತೆ ಹೋಗುವುದಿಲ್ಲ. ಒಂದು ಮಾತ್ರ ನನಗೆ ತುಂಬ ಇಷ್ಟ, ಯಾಕೆಂದರೆ ಅದು ನಮ್ಮ ಹಿರಿಯರ ಅಭ್ಯಾಸ. ಸಂಜೆ ಹಂಡೆಯ ಬಿಸಿನೀರಿನ ಸ್ನಾನ. ಬಿಸಿನೀರು ಬಿದ್ದಾಗ ರಕ್ತ ಚರ್ಮದ ಕಡೆ ಬರುತ್ತದೆ, ಆಮೇಲೆ ಮೈಯ ಒಳಗಿನ ಬಿಸಿ ಹೊರಗೆ ಹೋಗಿ ಮೈ ತಣಿಯುತ್ತದೆ. ಮೈ ಹಾಗೆ ತಣಿಯುವಾಗ ನಿದ್ದೆ ಬರುವುದು ಸುಲಭ. ಮಲಗುವ ಒಂದೆರಡು ಗಂಟೆ ಮೊದಲು ಆದರೆ ಚೆನ್ನ.

ಹಗಲಲ್ಲಿ ಕನಸು ತಿದ್ದುವುದು

ಈಗ ಅಜ್ಜನ ಕಡೆ ಬರೋಣ. ಅಜ್ಜನಿಗೆ ಅಕ್ಕನ ಮದ್ದು ಸಾಲುವುದಿಲ್ಲ. ಅವರು ನಿದ್ದೆಯಿಂದಲೇ ಓಡುತ್ತಿದ್ದಾರೆ.

ದುಃಸ್ವಪ್ನ ಯಾರಿಗೂ ಆಗಾಗ ಬೀಳುತ್ತದೆ. ಜ್ವರ ಬಂದಾಗ, ಪರೀಕ್ಷೆ ಹತ್ತಿರ ಬಂದಾಗ, ಸಾವು ಕಂಡ ಮನೆಯಲ್ಲಿ. ಅದಕ್ಕೆ ಮದ್ದು ಬೇಡ. ಒಂದೇ ಕನಸು ವಾರವಾರ ಬಂದು, ಮಲಗಲು ಹೆದರಿಕೆಯಾಗುವ ಹಂತಕ್ಕೆ ಹೋದರೆ ಮಾತ್ರ ಅದನ್ನು ಕಾಯಿಲೆ ಅಂತ ನೋಡಬೇಕು. ಅಪಘಾತ, ಹಿಂಸೆ, ಸಾವಿನ ಬಾಯಿಗೆ ಹೋಗಿ ಬಂದವರಲ್ಲಿ ಇದು ಜಾಸ್ತಿ. ಕೆಲವೊಮ್ಮೆ ಕಾರಣ ಮಾತ್ರೆಯ ಡಬ್ಬಿಯಲ್ಲೇ ಇರುತ್ತದೆ. ಬಿ.ಪಿ.ಗೆ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ತರದ ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಉಬ್ಬಸ ಮತ್ತು ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಕೆಲವರಲ್ಲಿ ಕೆಟ್ಟ ಕನಸು ತರುತ್ತವೆ. ತಾವಾಗಿ ನಿಲ್ಲಿಸಬಾರದು, ಕೊಟ್ಟ ಡಾಕ್ಟರಿಗೆ ಹೇಳಬೇಕು. ಮದ್ಯ ಇನ್ನೊಂದು ಕಾರಣ. ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ. ಆದರೆ ಮದ್ಯ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮಿ ಹಿಡಿಯುತ್ತದೆ. ಅದು ಇಳಿದ ಮೇಲೆ ಅದುಮಿಟ್ಟದ್ದು ಒಮ್ಮೆಲೇ ನುಗ್ಗುತ್ತದೆ. ತುಂಬ ವರ್ಷ ಕುಡಿದು ಬಿಟ್ಟವರಿಗೆ ಮೊದಲ ದಿನಗಳಲ್ಲಿ ಭಯಂಕರ ಕನಸು ಬೀಳುವುದು ಹೀಗೆ. ಅವರು ಒಮ್ಮೆಲೇ ಬಿಡುವಾಗ ಡಾಕ್ಟರ ನೆರವು ಬೇಕೇ ಬೇಕು, ಜೀವಕ್ಕೆ ಅಪಾಯ ಆಗಬಹುದು.

ಇದಕ್ಕೆಲ್ಲ ಸೇರದೆ, ಬಂದ ಕನಸೇ ಮತ್ತೆ ಮತ್ತೆ ಬರುತ್ತಿದ್ದರೆ ಒಂದು ವಿಧಾನ ಇದೆ. ನನಗೆ ಇದನ್ನು ಮೊದಲು ಕೇಳಿದಾಗ ನಂಬಿಕೆ ಬರಲಿಲ್ಲ. ಕನಸನ್ನು ಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ ಬದಲಾಯಿಸುವುದು. ಬದಲಾಯಿಸಿದ ಕನಸನ್ನು ದಿನಾ ಮನಸ್ಸಿನಲ್ಲಿ ಅಭ್ಯಾಸ ಮಾಡುವುದು. ಅಮೆರಿಕದ ಬ್ಯಾರಿ ಕ್ರಾಕೋ ಅನ್ನುವ ವೈದ್ಯರು ಮತ್ತು ಅವರ ಜೊತೆಯವರು ಲೈಂಗಿಕ ಹಿಂಸೆಗೆ ಒಳಗಾಗಿ ಕೆಟ್ಟ ಕನಸಿನಿಂದ ನರಳುತ್ತಿದ್ದ 168 ಮಹಿಳೆಯರನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಅಭ್ಯಾಸ ಮಾಡಿದವರಲ್ಲಿ ದುಃಸ್ವಪ್ನ ಕಡಿಮೆಯಾಯಿತು, ನಿದ್ದೆಯೂ ಸುಧಾರಿಸಿತು.

ಯಾಕೆ ಕೆಲಸ ಮಾಡುತ್ತದೆ? ಭಾಗವತರು ಒಂದೇ ಪದವನ್ನು ಎಷ್ಟೋ ಸಲ ಹೇಳಿದ ಮೇಲೆ ಅದು ತಾನಾಗಿ ನಾಲಿಗೆಗೆ ಬರುತ್ತದಲ್ಲ, ಪದೇ ಪದೇ ಬರುವ ಕನಸೂ ಹಾಗೆ ರೂಢಿಯಾಗಿರುತ್ತದೆ. ಹೆದರಿ ಎದ್ದು ಬಿಡುವುದರಿಂದ ಕನಸು ಯಾವಾಗಲೂ ಅದೇ ಜಾಗದಲ್ಲಿ ತುಂಡಾಗುತ್ತದೆ. ಮುಂದೆ ಏನು ಅಂತ ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಹೊಸ ದಾರಿಯನ್ನು ಹಗಲಲ್ಲಿ ತುಳಿದು ಸವೆಸಿದರೆ ರಾತ್ರಿ ಮನಸ್ಸಿಗೆ ಆ ದಾರಿಯೂ ಒಂದು ಇದೆ ಅಂತ ಆಗುತ್ತದೆ.

ಮಾಡುವುದು ಹೀಗೆ. ಮೊದಲ ಸಲಕ್ಕೆ ಅತಿ ಭಯಂಕರ ಕನಸನ್ನು ಆರಿಸಬಾರದು. ಸಣ್ಣದ್ದೊಂದನ್ನು ಹಿಡಿದು ಕೈ ಪಳಗಿಸಿಕೊಳ್ಳಬೇಕು. ಆ ಕನಸನ್ನು ಹಗಲು ಹೊತ್ತು ಬರೆಯಿರಿ, ಇಲ್ಲವೇ ನಂಬಿಕೆಯವರಿಗೆ ಹೇಳಿ. ಆಮೇಲೆ ಅದನ್ನು ನಿಮಗೆ ಬೇಕಾದ ಹಾಗೆ ಬದಲಾಯಿಸಿ. ಶುರುವಿನಲ್ಲೋ, ನಡುವಿನಲ್ಲೋ, ಕೊನೆಯಲ್ಲೋ. ಬದಲಾವಣೆ ಯಾರೂ ಹೇಳಿಕೊಡಬಾರದು, ಕನಸು ಕಂಡವರ ಒಳಗಿಂದಲೇ ಬರಬೇಕು. ಹೊಸ ಕನಸನ್ನು ದಿನಾ ಹತ್ತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡಿ. ಹಳೆಯದ್ದನ್ನು ಮತ್ತೆ ಮತ್ತೆ ನೆನೆಯುವುದು ಬೇಡ.

ಅಜ್ಜನಿಗೆ ಓದು ಬರಹ ಇಲ್ಲ. ಮೊಮ್ಮಗಳ ಹತ್ತಿರ ತುಳುವಿನಲ್ಲಿ ಹೇಳಿದರು, ಅವಳು ಕನ್ನಡದಲ್ಲಿ ಬರೆದಿಟ್ಟಳು. ಮೊದಲು ತೋಟದಲ್ಲಿ ಹಂದಿ ಅಟ್ಟಿಸಿಕೊಂಡು ಬರುವ ಒಂದು ಕನಸನ್ನು ತಿದ್ದಿದರು. ಎರಡು ವಾರ ಕಳೆದು ಸುರಂಗದ್ದು. ಮೊಮ್ಮಗಳು, “ಅಜ್ಜ, ನೀವು ಹೊರಗೆ ಓಡಿ ಬಂದಿರಿ ಅಂತ ಬರೆಯಲಾ?” ಅಂತ ಕೇಳಿದಳಂತೆ. ಅಜ್ಜ ಬೇಡ ಅಂದರು. ಸುರಂಗ ಬಿಟ್ಟು ಓಡಿದವನು ನಾನಲ್ಲ ಅಂದರು. ಅವರೇ ಹೇಳಿದ್ದು ಇದು: ಬತ್ತಿ ನಂದುತ್ತದೆ. ಕತ್ತಲಲ್ಲಿ ಗೋಡೆಗೆ ಕೈ ಇಡುತ್ತೇನೆ. ಗೋಡೆ ಒದ್ದೆ ಇದೆ. ಒರತೆ ಸಿಕ್ಕಿದೆ. ನೀರು ಕಾಲಿನ ಮೇಲೆ ಹರಿಯುತ್ತದೆ, ಅದು ಹೋದ ಕಡೆಗೆ ನಾನೂ ಹೋಗುತ್ತೇನೆ. ಸುರಂಗದ ಬಾಯಿಯಲ್ಲಿ ಬೆಳಕು ಇದೆ, ಹೆಂಡತಿ ಗಂಜಿ ತಂದು ಕೂತಿದ್ದಾಳೆ.

ಸಂಜೆ ಸ್ನಾನ ಆಗಿ ದೀಪ ಹಚ್ಚಿದ ಮೇಲೆ ದಿನಾ ಇದನ್ನೇ ನೋಡುತ್ತಾ ಕೂತರು. ಐದಾರು ವಾರದಲ್ಲಿ ಮಣ್ಣು ಬೀಳುವುದು ವಾರಕ್ಕೊಂದಕ್ಕೆ ಇಳಿಯಿತು. ಮಳೆಗಾಲದಲ್ಲಿ ಈಗಲೂ ಒಂದೊಂದು ಸಲ ಬೀಳುತ್ತದೆ. ಎದ್ದಾಗ ಏನು ಮಾಡಬೇಕು ಅಂತ ಅವರಿಗೆ ಈಗ ಗೊತ್ತು. ದೀಪ ಹಾಕಿ, ಎರಡೂ ಕಾಲನ್ನು ತಣ್ಣಗಿನ ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಒಂದೊಂದಾಗಿ ಬಾಯಿ ಬಿಟ್ಟು ಹೇಳುತ್ತಾರೆ. ಕ್ಯಾಲೆಂಡರ್, ಕೊಡೆ, ಮೊಮ್ಮಗಳ ಬ್ಯಾಗ್. ನಾನು ಇಲ್ಲಿದ್ದೇನೆ, ಸುರಂಗದಲ್ಲಲ್ಲ ಅಂತ ಮೈಗೆ ತಿಳಿಯಲು ಅಷ್ಟು ಸಾಕು.

ಹಿಂಸೆ ಅನುಭವಿಸಿ ಹಗಲಲ್ಲೂ ಅದೇ ಕಣ್ಣ ಮುಂದೆ ಬರುವವರು, ಕನಸು ಹೇಳಲು ಹೋದರೆ ಮೈ ನಡುಗುವವರು ಒಬ್ಬರೇ ಇದನ್ನು ಮಾಡಬಾರದು. ತಿಳಿದವರ ಜೊತೆ ಕೂತೇ ಮಾಡಬೇಕು.

ಕೆಟ್ಟ ಕನಸನ್ನು ಹೊರಗೆ ಹೇಳಬಾರದು, ಹೇಳಿದರೆ ನಿಜವಾಗುತ್ತದೆ ಅಂತ ನಮ್ಮಲ್ಲಿ ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಹೇಳದೆ ಇಟ್ಟುಕೊಂಡ ಕನಸೇ ಬೆಳೆಯುವುದು. ಪ್ರಶ್ನೆ ಇಡಿಸುವುದು, ನೂಲು ಕಟ್ಟಿಸುವುದು ಸಮಾಧಾನ ಕೊಡುವುದಾದರೆ ನಾನು ಬೇಡ ಅನ್ನುವುದಿಲ್ಲ. ಅಜ್ಜನ ಕೈಯಲ್ಲೂ ಒಂದು ನೂಲಿದೆ. ಆದರೆ ಇನ್ನೂ ದೊಡ್ಡ ದೋಷ ಇದೆ, ಇನ್ನೊಂದು ಪರಿಹಾರ ಆಗಬೇಕು ಅಂತ ಭಯ ಏರುತ್ತಲೇ ಹೋದರೆ ಅಲ್ಲಿಗೆ ನಿಲ್ಲಿಸಿ. ಹೆದರಿದ ಮನಸ್ಸಿಗೆ ಇನ್ನಷ್ಟು ಹೆದರಿಕೆ ಮದ್ದಲ್ಲ.

ಡಾಕ್ಟರ ಹತ್ತಿರ ಹೋಗಲೇಬೇಕಾದದ್ದು

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ, ಉಸಿರುಗಟ್ಟಿ ಏಳುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ. ವಯಸ್ಸಾದವರು ನಿದ್ದೆಯಲ್ಲೇ ಕೈಕಾಲು ಬೀಸಿ ಹೊಡೆದರೆ, ಕನಸಿನ ಜಗಳವನ್ನು ಹಾಸಿಗೆಯಲ್ಲೇ ಆಡಿದರೆ ನರರೋಗ ತಜ್ಞರಿಗೆ ತೋರಿಸಿ. ನಾನು ಮೊದಲು ಹೇಳಿದ ಬೀಗ ಸಡಿಲವಾದ ಲಕ್ಷಣ ಅದು. ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆಯೂ ಆಗಬಹುದು. ದಿನಾ ಬೇಗ ಎಚ್ಚರವಾಗಿ, ಯಾವುದರಲ್ಲೂ ರುಚಿ ಇಲ್ಲದಿದ್ದರೆ ಖಿನ್ನತೆ ಇದೆಯೇ ಅಂತ ನೋಡಬೇಕು.

ನಿದ್ದೆ ಮಾತ್ರೆಯ ಬಗ್ಗೆ ಒಂದು ಮಾತು. ಡಾಕ್ಟರು ಕೆಲವು ದಿನಕ್ಕೆ ಅಂತ ಕೊಟ್ಟ ಆಲ್ಪ್ರಜೋಲಾಮ್ ವರ್ಷಗಟ್ಟಲೆ ನುಂಗುವವರು ನಮ್ಮ ಸುತ್ತ ಇದ್ದಾರೆ. ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ವಯಸ್ಸಾದವರು ಅದನ್ನು ತಿಂದು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಎಣ್ಮಕಜೆ, ಬೆಳ್ಳೂರಿನಂಥ ಊರುಗಳ ಅಮ್ಮಂದಿರ ನೆನಪಾಗುತ್ತದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಕಾಲದ ನೋವನ್ನು ಮನೆಯೊಳಗೆ ಇಟ್ಟುಕೊಂಡು ಬದುಕುತ್ತಿರುವವರು. ಬೆಳೆದ ಮಗುವನ್ನು ರಾತ್ರಿ ನಾಲ್ಕು ಸಲ ಹೊರಳಿಸಿ ಮಲಗಿಸುವ ತಾಯಿಗೆ ‘ಒಂದೇ ಹೊತ್ತಿಗೆ ಮಲಗಿ’ ಅನ್ನುವುದು ನ್ಯಾಯ ಅಲ್ಲ. ಅವರದ್ದು ನಿದ್ರಾಹೀನತೆಯಲ್ಲ, ನಿದ್ದೆಗೆ ಅವಕಾಶವೇ ಇಲ್ಲದಿರುವುದು. ಅವರಿಗೆ ಬೇಕಾದದ್ದು ವಾರಕ್ಕೆ ಎರಡು ರಾತ್ರಿ ಆ ಕೆಲಸ ವಹಿಸಿಕೊಳ್ಳುವ ಇನ್ನೊಂದು ಜೋಡಿ ಕೈ. ಅಣ್ಣ ತಮ್ಮಂದಿರು, ಅತ್ತಿಗೆ ನಾದಿನಿಯರು ಇದನ್ನು ಮಾಡಬಹುದು.

ಕೊನೆಯ ಒಂದು ತೊಡಕು ನಮ್ಮ ಜಿಲ್ಲೆಯದ್ದೇ. ಆರೋಗ್ಯ ಕೇಂದ್ರದಲ್ಲಿ ಮಲಯಾಳ. ಹೊಟ್ಟೆನೋವನ್ನು ಯಾವ ಭಾಷೆಯಲ್ಲಾದರೂ ಕೈ ತೋರಿಸಿ ಹೇಳಬಹುದು, ಕನಸನ್ನು ಹೇಳಲು ಬರುವುದಿಲ್ಲ. ಅಜ್ಜ ಕನಸು ಕಾಣುವುದು ತುಳುವಿನಲ್ಲಿ. ಹಾಗಾಗಿ ಹೋಗುವಾಗ ಎರಡು ಭಾಷೆ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ಎರಡು ವಾರದ ನಿದ್ದೆಯ ಲೆಕ್ಕದ ಪುಸ್ತಕ ಮತ್ತು ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಅಂಕಿಗಳಿಗೆ ಭಾಷೆಯ ತೊಂದರೆ ಇಲ್ಲ.

ಹೋಗುವುದೇ ಕಷ್ಟವಾದರೆ 14416ಕ್ಕೆ ಫೋನ್ ಮಾಡಬಹುದು. ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡು ಇಲ್ಲ. ಕನ್ನಡ ಆರಿಸಿಕೊಳ್ಳುವ ಅವಕಾಶ ಇದೆ. ನಿದ್ದೆ ಇಲ್ಲದ ರಾತ್ರಿಗಳು ಸೇರಿ ಸೇರಿ ಬದುಕೇ ಬೇಡ ಅನ್ನಿಸುವುದುಂಟು. ಅಂಥ ಯೋಚನೆ ಬಂದರೆ ಬೆಳಗಾಗುವ ತನಕ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಆ ನಂಬರಿಗೆ ಫೋನ್ ಮಾಡಿ. ರಾತ್ರಿ ಎರಡು ಗಂಟೆಗೂ ಅದು ತೆರೆದಿರುತ್ತದೆ.